ಸಮುದ್ರದ ಬ್ಯಾಕ್ಟೀರಿಯಾ ಬಿಸಿಲಲ್ಲಿ ಬದುಕುತ್ತೆ ಅಂದ್ರೆ ನಮ್ಮ ದೊಡ್ಡಪ್ಪನೂ ಬದುಕಬಹುದಾ?

ಕೋಟೆಬಾಗಿಲು (ಚಿತ್ರದುರ್ಗ)

ಜೀವಶಾಸ್ತ್ರ ಓದಿದವರು ಯಾರಾದ್ರೂ ಇದ್ರೆ ದಯವಿಟ್ಟು ಬಿಡಿಸಿ ಹೇಳಿ. ನಮ್ಮ ದೊಡ್ಡಪ್ಪ ರಿಟೈರ್ ಆದ ಮೇಲೆ ಒಂದು ವಾಟ್ಸ್ಆ್ಯಪ್ ಗುಂಪಿಗೆ ಸೇರಿದ್ದಾರೆ. ಬೆಳಿಗ್ಗೆ ಮಾಳಿಗೆ ಮೇಲೆ ನಿಂತು ಬರಿಗಣ್ಣಲ್ಲಿ ಸೂರ್ಯನ್ನ ನೋಡಬೇಕು, ನಿಧಾನಕ್ಕೆ ಊಟ ಕಡಿಮೆ ಮಾಡ್ತಾ ಹೋಗಬೇಕು, ಕೊನೆಗೆ ಬಿಸಿಲೇ ಆಹಾರ ಆಗುತ್ತೆ ಅಂತ ಅಲ್ಲಿ ಕಲಿಸ್ತಾರೆ. ಈಗಾಗಲೇ ರಾತ್ರಿ ಊಟ ಬಿಟ್ಟಾಯ್ತು. ದೊಡ್ಡಮ್ಮ ಅತ್ತರೂ ಕೇಳ್ತಿಲ್ಲ. ನಾವು ಬೇಡ ಅಂದ್ರೆ ಒಂದು ಫಾರ್ವರ್ಡ್ ತೋರಿಸ್ತಾರೆ: ಸಮುದ್ರದ ಬ್ಯಾಕ್ಟೀರಿಯಾಗಳು ರೊಡಾಪ್ಸಿನ್ ಅನ್ನೋ ಪ್ರೋಟೀನಿನಿಂದ ಬೆಳಕನ್ನ ನೇರ ಶಕ್ತಿ ಮಾಡ್ಕೊಳ್ತವೆ, ರೊಡಾಪ್ಸಿನ್ ಮನುಷ್ಯನ ಕಣ್ಣಲ್ಲೂ ಇದೆ, ಆದ್ದರಿಂದ ಮನುಷ್ಯನೂ ಹಾಗೆ ಬದುಕಬಹುದು.

ಹುಡುಕಿ ನೋಡಿದ್ರೆ ಮೊದಲ ಎರಡು ಮಾತು ನಿಜ ಅಂತಲೇ ಸಿಗ್ತಿದೆ. ಮೂರನೇದಕ್ಕೆ ಎಲ್ಲಿ ಹಳ್ಳ ಬಿತ್ತು ಅಂತ ತೋರಿಸೋಕೆ ನನಗೆ ಬರ್ತಿಲ್ಲ. ದೊಡ್ಡಪ್ಪ ಅಂಚೆ ಇಲಾಖೆಯಲ್ಲಿ ಲೆಕ್ಕ ಬರೆದವರು. ಬೈದ್ರೆ ಬಗ್ಗಲ್ಲ, ಲೆಕ್ಕ ಕೊಟ್ರೆ ಕೂತು ನೋಡ್ತಾರೆ.

ಮಂಡಕ್ಕಿ ಮೆಣಸಿನಕಾಯಿ (ದಾವಣಗೆರೆ)

ಬಿಸಿಲು ತಿಂದು ಬದುಕೋದಾಗಿದ್ರೆ ಏಪ್ರಿಲ್ ತಿಂಗಳಲ್ಲಿ ದಾವಣಗೆರೆ ಜನ ಎಲ್ಲಾ ದಪ್ಪ ಆಗಬೇಕಿತ್ತಲ್ರೀ. ನಾವು ಬಿಸಿಲಲ್ಲಿ ನಿಂತೇ ಬೆಣ್ಣೆದೋಸೆಗೆ ಕಾಯ್ತೀವಿ.

ತೊಳಹುಣಸೆ ಹಾದಿ (ದಾವಣಗೆರೆ)

ನಾನು ಸೂಕ್ಷ್ಮಜೀವಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ಆ ಫಾರ್ವರ್ಡ್ ಬರೆದವನು ದಡ್ಡ ಅಲ್ಲ. ಅರ್ಧ ಸತ್ಯ ಚೆನ್ನಾಗಿ ಆರಿಸಿದ್ದಾನೆ.

2000ನೇ ಇಸವಿಯಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯ ನೀರಿನಿಂದ ತೆಗೆದ ಡಿಎನ್ಎ ತುಂಡುಗಳನ್ನ ಓದ್ತಿದ್ದಾಗ ಓಡೆಡ್ ಬೇಜಾ, ಎಡ್ವರ್ಡ್ ಡಿಲಾಂಗ್ ಮತ್ತು ಅವರ ಜೊತೆಗಾರರಿಗೆ ಒಂದು ವಿಚಿತ್ರ ಜೀನ್ ಸಿಕ್ಕಿತು. ಎಸ್‌ಎಆರ್86 ಅನ್ನೋ ಗುಂಪಿನ ಬ್ಯಾಕ್ಟೀರಿಯಾದ್ದು. ಆ ಬ್ಯಾಕ್ಟೀರಿಯಾವನ್ನ ಪ್ರಯೋಗಾಲಯದಲ್ಲಿ ಯಾರೂ ಬೆಳೆಸಿರಲಿಲ್ಲ, ಸಿಕ್ಕಿದ್ದು ಬರೀ ಅದರ ಡಿಎನ್ಎ. ಅದರಲ್ಲಿ ರೊಡಾಪ್ಸಿನ್ ಜೀನ್ ಇತ್ತು. ಅದನ್ನ ಲ್ಯಾಬಲ್ಲಿ ಸುಲಭವಾಗಿ ಬೆಳೆಯೋ ಇ. ಕೋಲೈ ಅನ್ನೋ ಬ್ಯಾಕ್ಟೀರಿಯಾಕ್ಕೆ ಸೇರಿಸಿ, ರೆಟಿನಾಲ್ (ಎ ವಿಟಮಿನ್ನಿನ ಒಂದು ರೂಪ) ಕೊಟ್ಟು, ಬೆಳಕು ಹಾಕಿದ್ರು. ಕೋಶ ಪ್ರೋಟಾನ್‌ಗಳನ್ನ ಹೊರಗೆ ತಳ್ಳೋಕೆ ಶುರು ಮಾಡ್ತು. ಇದಕ್ಕೆ ಪ್ರೋಟಿಯೋರೊಡಾಪ್ಸಿನ್ ಅಂತ ಹೆಸರಿಟ್ರು. ಮುಂದಿನ ವರ್ಷ ಸಮುದ್ರದ ನೀರಿಂದಲೇ ನೇರ ಸೋಸಿ ತೆಗೆದ ಪೊರೆಗಳ ಮೇಲೆ ಲೇಸರ್ ಬಿಟ್ಟು, ಅಲ್ಲೂ ಅದೇ ಪಂಪು ಕೆಲಸ ಮಾಡ್ತಿದೆ ಅಂತ ತೋರಿಸಿದ್ರು.

ಕೆಲಸದ ಕ್ರಮ ಹೀಗೆ. ಪ್ರೋಟೀನಿನ ಏಳು ಸುರುಳಿಗಳು ಕೋಶದ ಪೊರೆಯಲ್ಲಿ ಹೊಲಿದ ಹಾಗೆ ಆಚೀಚೆ ಹೋಗಿರ್ತವೆ. ನಡುವೆ ಆ ರೆಟಿನಾಲ್. ಬೆಳಕಿನ ಒಂದು ಕಣ ಬಿದ್ದಾಗ ರೆಟಿನಾಲ್ ಮಡಚಿಕೊಳ್ಳುತ್ತೆ, ಆ ಮಡಚಾಟದಲ್ಲಿ ಒಂದು ಪ್ರೋಟಾನ್ ಒಳಗಿಂದ ಹೊರಗೆ ಹೋಗುತ್ತೆ, ರೆಟಿನಾಲ್ ತಾನೇ ನೆಟ್ಟಗಾಗುತ್ತೆ. ಮತ್ತೆ ಬೆಳಕು, ಮತ್ತೆ ಪ್ರೋಟಾನ್. ಹೊರಗೆ ಸೇರಿದ ಪ್ರೋಟಾನ್‌ಗಳು ವಾಪಸ್ ಒಳಗೆ ನುಗ್ಗುವಾಗ ಎಟಿಪಿ ಸಿಂಥೇಸ್ ಅನ್ನೋ ಕಿಣ್ವವನ್ನ ತಿರುಗಿಸ್ತವೆ, ಅಲ್ಲಿ ಎಟಿಪಿ, ಅಂದ್ರೆ ಕೋಶ ತನ್ನ ಕೆಲಸಗಳಿಗೆ ಖರ್ಚು ಮಾಡೋ ಶಕ್ತಿಯ ಚಿಲ್ಲರೆ, ತಯಾರಾಗುತ್ತೆ.

ಗಮನಿಸಿ: ಇಲ್ಲಿ ಇಂಗಾಲದ ಡೈಆಕ್ಸೈಡ್ ಹಿಡಿದು ಸಕ್ಕರೆ ಮಾಡೋದಿಲ್ಲ. ಆಮ್ಲಜನಕ ಬಿಡೋದಿಲ್ಲ. ಎಲೆ ಮಾಡೋ ದ್ಯುತಿಸಂಶ್ಲೇಷಣೆ ಇದಲ್ಲ. ಮೈ ಕಟ್ಟೋಕೆ ಬೇಕಾದ ಇಂಗಾಲವನ್ನ ಆ ಬ್ಯಾಕ್ಟೀರಿಯಾ ಸಮುದ್ರದ ನೀರಲ್ಲಿ ಕರಗಿರೋ ಸಾವಯವ ಪದಾರ್ಥದಿಂದಲೇ ತಗೊಳ್ಳಬೇಕು. ಊಟ ತಪ್ಪಿಸಿಕೊಳ್ಳೋ ದಾರಿ ಅದಕ್ಕೂ ಇಲ್ಲ.

ಚನ್ನಗಿರಿ ಅಡಿಕೆ (ಚನ್ನಗಿರಿ)

ಅಕ್ಕಾ, ನಮಗ ತಿಳಿಯೋ ಹಂಗ ಹೇಳ್ರಿ. ಇದು ಸೋಲಾರ್ ಪಂಪ್‌ಸೆಟ್ ಇದ್ದಂಗ ಐತಲ್ಲ? ಬಿಸಿಲಿಗೆ ಬೋರಿನ ನೀರು ಮ್ಯಾಲಿನ ಟ್ಯಾಂಕಿಗೆ ಹೋಗ್ತದ, ಟ್ಯಾಂಕಿನಿಂದ ಇಳಿಯೋ ನೀರು ಕೆಲಸ ಮಾಡ್ತದ.

ತೊಳಹುಣಸೆ ಹಾದಿ

ಸರಿಯಾಗಿ ಹಿಡಿದ್ರಿ ಅಣ್ಣ. ಸೋಲಾರ್ ಪಂಪು ನೀರು ಎತ್ತುತ್ತೆ, ಅಡಿಕೆ ಬೆಳೆಯೋದಿಲ್ಲ. ಗೊಬ್ಬರ ಬೇರೆ ಕಡೆಯಿಂದ ಬರಬೇಕು. ಫಾರ್ವರ್ಡ್ ಮುಚ್ಚಿಟ್ಟಿರೋದು ಇಷ್ಟನ್ನೇ.

ಉದಯರವಿ

ಎಲ್ಲರೂ ನಗೋದು ಸುಲಭ. ನಾನು ಅದೇ ಸಾಧನೆ ಮಾಡ್ತಾ ಇದ್ದೀನಿ, ಆರೋಗ್ಯವಾಗಿದ್ದೀನಿ. ಮೇಡಂ, ನೀವೇ ಒಪ್ಪಿದ್ದೀರಿ, ಬೆಳಕಿನಿಂದ ಎಟಿಪಿ ಆಗುತ್ತೆ ಅಂತ. ಮನುಷ್ಯನ ದೇಹವೂ ಎಟಿಪಿಯಿಂದಲೇ ನಡೆಯೋದು. ಅದೇ ಕಿಣ್ವ ನಮ್ಮಲ್ಲೂ ಇದೆ. 1974ರಲ್ಲೇ ಹಸುವಿನ ಹೃದಯದ ಕಿಣ್ವ ಬೆಳಕಿನಿಂದ ಎಟಿಪಿ ಮಾಡಿದೆ ಅಂತ ಓದಿದ್ದೇನೆ. ಹಸುವಿಗೆ ಆಗೋದು ಮನುಷ್ಯನಿಗೆ ಯಾಕೆ ಆಗಬಾರದು?

ತೊಳಹುಣಸೆ ಹಾದಿ

ಒಳ್ಳೇ ಪ್ರಶ್ನೆ ಸರ್, ಪ್ರಯೋಗವೂ ನಿಜ. ಆದ್ರೆ ಅದು ಹಸುವಿನೊಳಗೆ ನಡೆದದ್ದಲ್ಲ.

1971ರಲ್ಲಿ ಊಸ್ಟರ್‌ಹೆಲ್ಟ್ ಮತ್ತು ಸ್ಟೋಕೇನಿಯಸ್ ಅನ್ನೋರು ಹ್ಯಾಲೋಬ್ಯಾಕ್ಟೀರಿಯಂ ಎಂಬ ಉಪ್ಪು ಪ್ರಿಯ ಜೀವಿಯಲ್ಲಿ ನೇರಳೆ ಬಣ್ಣದ ಪೊರೆ, ಅದರಲ್ಲಿ ರೆಟಿನಾಲ್ ಇರೋ ಪ್ರೋಟೀನ್ ಕಂಡುಹಿಡಿದ್ರು. ಹೆಸರಲ್ಲಿ ಬ್ಯಾಕ್ಟೀರಿಯಾ ಇದ್ದರೂ ಅದು ಆರ್ಕಿಯಾ ಅನ್ನೋ ಬೇರೆಯೇ ಸೂಕ್ಷ್ಮಜೀವಿಗಳ ಗುಂಪಿನದು. ಆಗ ಪೀಟರ್ ಮಿಚೆಲ್ ಅವರ ಒಂದು ವಾದ ಜಗಳದಲ್ಲಿತ್ತು: ಕೋಶಗಳು ಎಟಿಪಿ ಮಾಡೋದು ಪೊರೆಯ ಎರಡು ಬದಿಯ ಪ್ರೋಟಾನ್ ವ್ಯತ್ಯಾಸದಿಂದ ಅಂತ. ತುಂಬಾ ಜನ ಒಪ್ಪಿರಲಿಲ್ಲ. 1974ರಲ್ಲಿ ರ್‍ಯಾಕರ್ ಮತ್ತು ಸ್ಟೋಕೇನಿಯಸ್ ಸೋಯಾದ ಕೊಬ್ಬಿನಿಂದ ಕೃತಕ ಗುಳ್ಳೆ ಮಾಡಿ, ಆ ಗುಳ್ಳೆಯ ಗೋಡೆಗೆ ಎರಡೇ ವಸ್ತು ಕೂರಿಸಿದ್ರು. ಒಂದು ಉಪ್ಪುಜೀವಿಯ ಪಂಪು, ಇನ್ನೊಂದು ಹಸುವಿನ ಹೃದಯದಿಂದ ಬೇರ್ಪಡಿಸಿದ ಕಿಣ್ವ. ಬೆಳಕು ಹಾಕಿದ್ರು, ಎಟಿಪಿ ಬಂತು. ಎಲ್ಲೆಲ್ಲಿಂದಲೋ ತಂದ ಎರಡು ಪ್ರೋಟೀನುಗಳ ನಡುವೆ ಪ್ರೋಟಾನ್ ಬಿಟ್ಟರೆ ಬೇರೆ ನಂಟೇ ಇರಲಿಲ್ಲವಲ್ಲ, ಹಾಗಾಗಿ ಮಿಚೆಲ್ ವಾದಕ್ಕೆ ದೊಡ್ಡ ಬಲ ಸಿಕ್ಕಿತು. 1978ರಲ್ಲಿ ಅವರಿಗೆ ನೊಬೆಲ್ ಬಂತು. ನನ್ನ ಪ್ರಕಾರ ಜೀವರಸಾಯನಶಾಸ್ತ್ರದಲ್ಲಿ ಇಷ್ಟು ಚಂದದ ಪ್ರಯೋಗ ಕಡಿಮೆ.

ನಮ್ಮಲ್ಲಿ ಆ ಕಿಣ್ವ ಇದೆ, ನೀವು ಹೇಳಿದ್ದು ಸರಿ. ಪಂಪು ಇಲ್ಲ. ಕಿಣ್ವ ಇರೋದು ಮೈಟೋಕಾಂಡ್ರಿಯಾದ (ಕೋಶದೊಳಗೆ ಶಕ್ತಿ ತಯಾರಿಸೋ ಭಾಗ) ಒಳಪೊರೆಯಲ್ಲಿ, ಅಲ್ಲಿ ಬೆಳಕಿನ ಪಂಪು ಹುಟ್ಟಿಸೋ ಜೀನ್ ಮನುಷ್ಯರಲ್ಲಿ ಇಲ್ಲವೇ ಇಲ್ಲ.

ಉದಯರವಿ

ಕಣ್ಣಲ್ಲಿ ಇರೋದು ಮತ್ತೇನು?

ಕಣ್ಣಿನ ವಾರ್ಡು (ದಾವಣಗೆರೆ)

ಇದಕ್ಕೆ ನಾನು ಉತ್ತರ ಕೊಡ್ತೀನಿ. ಕಣ್ಣಿನ ವಿಭಾಗದಲ್ಲಿ ಕೆಲಸ, ಡಾಕ್ಟರ್ ಅಲ್ಲ.

ಕಣ್ಣಿನ ರೊಡಾಪ್ಸಿನ್‌ಗೂ ಏಳು ಸುರುಳಿ, ಅದರಲ್ಲೂ ರೆಟಿನಾಲ್. ಆದರೆ ಅದು ಪ್ರೋಟಾನನ್ನ ಆಚೆ ಕಳಿಸೋದಿಲ್ಲ, ಮೆದುಳಿಗೆ ಹೋಗೋ ಸುದ್ದಿಯನ್ನ ಶುರು ಮಾಡುತ್ತೆ ಅಷ್ಟೇ. ಆ ಸುದ್ದಿ ಕಳಿಸೋಕೆ ಶಕ್ತಿ ಖರ್ಚಾಗುತ್ತೆ, ಹುಟ್ಟೋದಿಲ್ಲ. ಅಕ್ಷಿಪಟಲ (ಕಣ್ಣಿನೊಳಗೆ ಬೆಳಕು ಹಿಡಿಯೋ ಪದರ, ರೆಟಿನಾ) ಅಂದ್ರೆ ದೇಹದಲ್ಲಿ ತೂಕಕ್ಕೆ ಹೋಲಿಸಿದ್ರೆ ಅತಿ ಹೆಚ್ಚು ಶಕ್ತಿ ತಿನ್ನೋ ಭಾಗಗಳಲ್ಲಿ ಒಂದು. ಇನ್ನೊಂದು ವ್ಯತ್ಯಾಸ, ಬ್ಯಾಕ್ಟೀರಿಯಾದಲ್ಲಿ ರೆಟಿನಾಲ್ ತಾನೇ ನೆಟ್ಟಗಾಗುತ್ತೆ ಅಂತ ಅಕ್ಕ ಬರೆದ್ರಲ್ಲ, ನಮ್ಮ ಕಣ್ಣಲ್ಲಿ ಬೆಳಕು ಬಿದ್ದ ರೆಟಿನಾಲ್ ಪ್ರೋಟೀನ್ ಬಿಟ್ಟು ಕಳಚಿಕೊಳ್ಳುತ್ತೆ. ಹಿಂದಿನ ಪದರಕ್ಕೆ ಹೋಗಿ ರಿಪೇರಿ ಆಗಿ ವಾಪಸ್ ಬರಬೇಕು. ಮೂಲ ಸರಕು ಊಟದಿಂದಲೇ: ನುಗ್ಗೆಸೊಪ್ಪು, ಕ್ಯಾರೆಟ್, ಪಪ್ಪಾಯ, ಹಾಲು, ಮೊಟ್ಟೆ. ಊಟ ಬಿಟ್ಟರೆ ಆ ರೊಡಾಪ್ಸಿನ್ನಿಗೂ ಕೊನೆಗೆ ಗತಿ ಇಲ್ಲ.

ಈಗ ಮುಖ್ಯ ಮಾತು. ಸೂರ್ಯನ್ನ ನೇರ ನೋಡಿದ್ರೆ ಅಕ್ಷಿಪಟಲದ ನಟ್ಟನಡುವೆ ಸುಡುತ್ತೆ. ಅಲ್ಲಿ ನೋವಿನ ನರ ಇಲ್ಲ, ಹಾಗಾಗಿ ಸುಡೋದು ಗೊತ್ತೇ ಆಗಲ್ಲ. ಕೆಲವರಿಗೆ ತಿಂಗಳುಗಳಲ್ಲಿ ಸುಧಾರಿಸುತ್ತೆ, ಕೆಲವರಿಗೆ ನಡುವಿನ ಮಚ್ಚೆ ಜೀವನಪೂರ್ತಿ ಉಳಿಯುತ್ತೆ. ಖಚಿತವಾದ ಚಿಕಿತ್ಸೆ ಅಂತ ಇಲ್ಲ. ಕೋಟೆಬಾಗಿಲು ಅವರೆ, ಇವತ್ತೇ ಒಂದು ಕೆಲಸ ಮಾಡಿ: ದೊಡ್ಡಪ್ಪನಿಗೆ ಒಂದು ಕಣ್ಣು ಮುಚ್ಚಿ ಕಿಟಕಿಯ ಸರಳು ನೋಡೋಕೆ ಹೇಳಿ, ಆಮೇಲೆ ಇನ್ನೊಂದು ಕಣ್ಣು. ಸರಳು ಸೊಟ್ಟ ಕಂಡ್ರೆ, ನಡುವೆ ಮಸುಕು ಇದ್ರೆ ತಡ ಮಾಡಬೇಡಿ. ಸರಿ ಕಂಡ್ರೂ ಒಮ್ಮೆ ಅಕ್ಷಿಪಟಲ ತೋರಿಸಿ. ಶುಗರ್ ಮಾತ್ರೆ ತಗೊಳ್ತಿದ್ದಾರಾ? ಮಾತ್ರೆ ನುಂಗಿ ರಾತ್ರಿ ಊಟ ಬಿಟ್ಟರೆ ನಿದ್ದೆಯಲ್ಲೇ ಸಕ್ಕರೆ ಇಳಿಯೋ ಅಪಾಯ ಇದೆ.

ಕೋಟೆಬಾಗಿಲು

ಶುಗರ್ ಇದೆ. ಮಾತ್ರೆನೂ ಇದೆ. ಈಗಲೇ ಫೋನ್ ಮಾಡ್ತೀನಿ.

ವೇದಾವತಿ ದಂಡೆ (ಹಿರಿಯೂರು)

ವಿಷಯ ಸ್ವಲ್ಪ ಬೇರೆ, ಕ್ಷಮಿಸಿ. ಸಮುದ್ರ ಅಂದ ಕೂಡಲೆ ನಮಗೇನು ಸಂಬಂಧ ಅಂದ್ಕೋಬೇಡಿ. ಐಮಂಗಲದ ಹತ್ತಿರ ಮರಡಿಹಳ್ಳಿಯಲ್ಲಿ ದಿಂಬು ಜೋಡಿಸಿಟ್ಟ ಹಾಗೆ ಕಾಣೋ ಲಾವಾ ಬಂಡೆಗಳಿವೆ. ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದೆ. ಲಾವಾ ಆ ಆಕಾರಕ್ಕೆ ಬರೋದು ನೀರಿನ ಒಳಗೆ ಉಕ್ಕಿದಾಗ. ಸುಮಾರು 250 ಕೋಟಿ ವರ್ಷದ ಹಿಂದೆ ನಾವು ಓಡಾಡೋ ಜಾಗದಲ್ಲಿ ನೀರಿನಡಿ ಬೆಂಕಿ ಉಕ್ಕಿದೆ. ಮಕ್ಕಳನ್ನ ಒಮ್ಮೆ ಕರ್ಕೊಂಡು ಹೋಗಿ.

ಪಿಯು ಫಿಸಿಕ್ಸ್ (ಹೊಳಲ್ಕೆರೆ)

ಅಂಚೆ ಇಲಾಖೆಯ ಹಿರಿಯರಿಗೆ ಲೆಕ್ಕ ಬೇಕು ಅಂದ್ರಲ್ಲ. ತಗೊಳ್ಳಿ.

ಮಾಳಿಗೆ ಮೇಲೆ ಸೋಲಾರ್ ಹಾಕಿಸಿದವರಿಗೆ ಗೊತ್ತು, ನಮ್ಮ ಕಡೆ ಒಂದು ಚದರ ಮೀಟರಿಗೆ ದಿನಕ್ಕೆ ಸರಾಸರಿ 5 ಯೂನಿಟ್ ಆಸುಪಾಸು ಬಿಸಿಲು ಬೀಳುತ್ತೆ. 5 ಯೂನಿಟ್ ಅಂದ್ರೆ ಸುಮಾರು 4300 ಕಿಲೋ ಕ್ಯಾಲೊರಿ. ಮನುಷ್ಯನ ಮೈಯಲ್ಲಿ ಬಿಸಿಲಿಗೆ ಎದುರಾಗೋ ಭಾಗ ಹೆಚ್ಚೆಂದ್ರೆ ಒಂದು ಚದರ ಮೀಟರ್ ಅಂತ ಹಿಡಿಯೋಣ, ಅದೂ ಸೂರ್ಯ ಹುಟ್ಟಿದಾಗಿಂದ ಮುಳುಗೋವರೆಗೆ ಬಟ್ಟೆಯಿಲ್ಲದೆ ಮಲಗಿದ್ರೆ. ಕೋಟ್ಯಂತರ ವರ್ಷದಿಂದ ಇದೇ ಕಸುಬು ಮಾಡ್ತಿರೋ ಬೆಳೆಗಳೂ ಬಿಸಿಲಿನ ಸುಮಾರು ಶೇ. 1 ಅಷ್ಟನ್ನೇ ಉಳಿಸಿಕೊಳ್ಳೋದು. ನಮ್ಮ ಚರ್ಮಕ್ಕೂ ಆ ಶೇ. 1 ದಾನ ಕೊಡೋಣ. ಸಿಗೋದು 43 ಕಿಲೋ ಕ್ಯಾಲೊರಿ. ಒಂದು ಚಿಕ್ಕ ಇಡ್ಲಿ, ಚಟ್ನಿ ಇಲ್ಲದೆ.

ದಿನಕ್ಕೆ 2000 ಬೇಕು ಅಂದ್ರೆ ಸುಮಾರು 46 ಚದರ ಮೀಟರ್ ಹಸಿರು ಚರ್ಮ ಬೇಕು. ಅದು 500 ಚದರಡಿ ಹತ್ತಿರ. ಇಪ್ಪತ್ತು-ಮೂವತ್ತರ ಸೈಟಿನ ಬಹುಪಾಲು ಮುಚ್ಚೋ ಅಷ್ಟು ಚರ್ಮ ಹರಡಿಕೊಂಡು ಮಲಗಬೇಕು ಹಿರಿಯರು.

ಬ್ಯಾಕ್ಟೀರಿಯಾಕ್ಕೆ ಯಾಕೆ ಸಾಧ್ಯ? ಗಾತ್ರ. ಸಮುದ್ರದಲ್ಲಿ ಅತಿ ಹೆಚ್ಚು ಇರೋ ಪೆಲಾಜಿಬ್ಯಾಕ್ಟರ್ ಗುಂಪಿನ ಕೋಶದ ದಪ್ಪ 0.2 ಮೈಕ್ರೋಮೀಟರ್ ಅಥವಾ ಅದಕ್ಕೂ ಕಡಿಮೆ. ಒಂದು ಘನ ಮೀಟರ್ ಒಡಲಿಗೆ ಎಷ್ಟು ಚದರ ಮೀಟರ್ ಹೊರಮೈ ಅಂತ ಲೆಕ್ಕ ಹಾಕಿದ್ರೆ ಅದಕ್ಕೆ ಸುಮಾರು ಎರಡು ಕೋಟಿ, ನಮಗೆ ಸುಮಾರು 28. ಏಳು ಲಕ್ಷ ಪಟ್ಟು ವ್ಯತ್ಯಾಸ. ಅದು ಬಹುತೇಕ ಬರೀ ಚರ್ಮ, ನಾವು ಬಹುತೇಕ ಬರೀ ಹೊಟ್ಟೆ.

ಮಂಡಕ್ಕಿ ಮೆಣಸಿನಕಾಯಿ

ಕೊನೇ ಮಾತು ನನ್ನನ್ನ ನೋಡಿಯೇ ಬರೆದಂಗೈತಿ ಸರ್.

ಉದಯರವಿ

ಲೆಕ್ಕ ಕಾಗದದ ಮೇಲೆ ಚೆನ್ನಾಗಿದೆ. ಪ್ರಾಣಿಯೊಳಗೆ ಬೆಳಕಿನ ಶಕ್ತಿ ಕೆಲಸ ಮಾಡೇ ಇಲ್ಲ ಅಂತ ಪ್ರಮಾಣ ಮಾಡ್ತೀರಾ?

ತೊಳಹುಣಸೆ ಹಾದಿ

ಮಾಡಲ್ಲ, ಯಾಕಂದ್ರೆ ಮಾಡಿದೆ. 2022ರ ಕೊನೆಯಲ್ಲಿ ಅಮೆರಿಕದ ಸಂಶೋಧಕರು ಒಂದು ಶಿಲೀಂಧ್ರದ ಬೆಳಕಿನ ಪಂಪನ್ನ ಸೀ. ಎಲೆಗನ್ಸ್ ಹುಳುವಿನ ಮೈಟೋಕಾಂಡ್ರಿಯಾದಲ್ಲಿ ಕೂರಿಸಿ, ರೆಟಿನಾಲ್ ತಿನ್ನಿಸಿ, ಬೆಳಕಲ್ಲಿಟ್ಟು ನೋಡಿದ್ರು. ಹುಳುಗಳ ಆಯಸ್ಸು ಹೆಚ್ಚಿತು. ಆ ಹುಳು ಒಂದು ಮಿಲಿಮೀಟರ್ ಉದ್ದ, ಗಾಜಿನ ಹಾಗೆ ಪಾರದರ್ಶಕ, ಅದರ ಜೀನ್ ಬದಲಾಯಿಸಿದ್ದರು. ಮತ್ತೆ ಅದು ಊಟ ಬಿಟ್ಟಿರಲಿಲ್ಲ ಸರ್.

ಈಗ ನಿಜವಾಗಿ ಸ್ವಾರಸ್ಯ ಇರೋ ಕಡೆಗೆ ಬರ್ತೀನಿ. ಈ ಪಂಪಿನಿಂದ ಬ್ಯಾಕ್ಟೀರಿಯಾಕ್ಕೆ ಏನು ಲಾಭ ಅನ್ನೋದು ಕಂಡುಹಿಡಿದವರಿಗೇ ವರ್ಷಗಟ್ಟಲೆ ಹೊಳೀಲಿಲ್ಲ. 2004ರಲ್ಲಿ ಕ್ರೇಗ್ ವೆಂಟರ್ ತಂಡ ಸಾರ್ಗಾಸೊ ಸಮುದ್ರದ ನೀರಿನ ಡಿಎನ್ಎ ಓದಿದಾಗ ಇಂಥ ರೊಡಾಪ್ಸಿನ್ ಜೀನುಗಳು ನೂರಾರು ಸಿಕ್ಕವು. ಎಲ್ಲ ಕಡೆ ಇದೆ ಅಂದ ಮೇಲೆ ಏನೋ ದೊಡ್ಡ ಉಪಯೋಗ ಇರಲೇಬೇಕಲ್ಲ. 2005ರಲ್ಲಿ ಸ್ಟೀಫನ್ ಜಿಯೊವನೋನಿ ಅವರ ತಂಡ ಪೆಲಾಜಿಬ್ಯಾಕ್ಟರನ್ನ ಬೆಳಕಲ್ಲಿ, ಕತ್ತಲಲ್ಲಿ ಬೆಳೆಸಿ ನೋಡಿತು. ಎರಡೂ ಕಡೆ ಒಂದೇ ಬೆಳವಣಿಗೆ! ಪಂಪು ಇದೆ, ಓಡುತ್ತೆ, ಫಲ ಕಾಣಲ್ಲ. 2007ರಲ್ಲಿ ಲೌರಾ ಗೋಮೆಜ್-ಕಾನ್ಸಾರ್ನೌ ಮತ್ತು ಜೊತೆಗಾರರು ಡೊಕ್ಡೋನಿಯಾ ಕುಲದ ಒಂದು ಬ್ಯಾಕ್ಟೀರಿಯಾ ಬೆಳಕಲ್ಲಿ ಹೆಚ್ಚು ಬೆಳೆಯುತ್ತೆ ಅಂತ ತೋರಿಸಿದ್ರು, ಅದೂ ಆಹಾರ ಕಡಿಮೆ ಇದ್ದಾಗ.

ಗಂಟು ಬಿಚ್ಚಿದ್ದು 2010ರಲ್ಲಿ, ಅದೂ ಅಂಡಮಾನ್ ಸಮುದ್ರದ ನೀರಿನಿಂದ ತೆಗೆದ ವಿಬ್ರಿಯೊ ಬ್ಯಾಕ್ಟೀರಿಯಾದಿಂದ. ಕಾಲರಾ ರೋಗಾಣುವಿನ ಕುಲದ್ದೇ, ಬೇರೆ ಜಾತಿ. ಚೆನ್ನಾಗಿ ತಿನ್ನಿಸಿ ಬೆಳೆಸಿ, ಆಮೇಲೆ ಊಟವಿಲ್ಲದ ಸಮುದ್ರದ ನೀರಿಗೆ ಹಾಕಿ ಉಪವಾಸ ಕೆಡವಿದ್ರು. ಕತ್ತಲಲ್ಲಿದ್ದವು ಬೇಗ ಸೋತವು, ಬೆಳಕಲ್ಲಿದ್ದವು ತಡಕೊಂಡವು. ಇದು ಪಂಪಿನಿಂದಲೇ ಅಂತ ಹೇಗೆ ಹೇಳೋದು? ಆ ಜೀನನ್ನ ಕಿತ್ತುಹಾಕಿದ್ರು, ಬೆಳಕಿನ ಲಾಭ ಹೋಯ್ತು. ಜೀನ್ ವಾಪಸ್ ಕೊಟ್ಟರು, ಲಾಭ ವಾಪಸ್ ಬಂತು. ಮರುವರ್ಷ ಪೆಲಾಜಿಬ್ಯಾಕ್ಟರನ್ನೂ ಹಸಿವಲ್ಲಿಟ್ಟು ನೋಡಿದಾಗ ಕತ್ತಲಲ್ಲಿದ್ದ ಕೋಶಗಳು ಕುಗ್ಗಿದವು, ಬೆಳಕಲ್ಲಿದ್ದವು ತಮ್ಮ ಗಾತ್ರ, ಎಟಿಪಿ ಉಳಿಸಿಕೊಂಡವು.

ಅಂದ್ರೆ 2005ರಲ್ಲಿ ಫಲ ಕಾಣದಿದ್ದದ್ದು ಅವಕ್ಕೆ ಹೊಟ್ಟೆ ತುಂಬಿದ್ದರಿಂದ. ನಡುಸಮುದ್ರದಲ್ಲಿ ನೀರು ನೀಲಿಯಾಗಿ ಚಂದ ಕಾಣುತ್ತೆ, ಆದ್ರೆ ಅದು ಬರಗಾಲದ ಬಯಲು. ಮುಂದಿನ ತುತ್ತು ಬರೋವರೆಗೆ ತನ್ನ ಮೈಯನ್ನೇ ಸುಟ್ಟುಕೊಳ್ಳದೆ ಜೀವ ಹಿಡಿದಿರೋದು ಹೇಗೆ ಅನ್ನೋದೇ ಅಲ್ಲಿನ ಪ್ರಶ್ನೆ. ಡೊಕ್ಡೋನಿಯಾದಂಥ ಕೆಲವನ್ನ ಬಿಟ್ರೆ ಬೆಳಕು ಬೆಳೆಸಲ್ಲ, ಸಾಯೋದನ್ನ ಮುಂದೂಡುತ್ತೆ. 2019ರಲ್ಲಿ ಮೆಡಿಟರೇನಿಯನ್ ಮತ್ತು ಪೂರ್ವ ಅಟ್ಲಾಂಟಿಕ್‌ನಲ್ಲಿ ರೆಟಿನಾಲ್ ಅಳೆದು ನೋಡಿದಾಗ, ಈ ಪಂಪುಗಳು ಹಿಡಿಯೋ ಬೆಳಕು ಪತ್ರಹರಿತ್ತು ಹಿಡಿಯೋದಕ್ಕೆ ಸರಿಸಮ, ಕೆಲವು ಕಡೆ ಹೆಚ್ಚೇ ಅಂತ ಲೆಕ್ಕ ಬಂತು. ಅದರಲ್ಲೂ ಪೋಷಕಾಂಶ ತೀರಾ ಕಡಿಮೆ ಇರೋ ನೀರಲ್ಲೇ ಹೆಚ್ಚು.

ಚನ್ನಗಿರಿ ಅಡಿಕೆ

ನಮ್ಮ ಸೂಳೆಕೆರೆ ನೀರಾಗೂ ಇಂಥವು ಅದಾವೇನ್ರಿ? ಸಿಹಿನೀರು ಅದು.

ತೊಳಹುಣಸೆ ಹಾದಿ

ಸಿಹಿನೀರಿನ ಕೆರೆ ಸರೋವರಗಳಲ್ಲಿ ಹೇರಳವಾಗಿರೋ ಆಕ್ಟಿನೋಬ್ಯಾಕ್ಟೀರಿಯಾಗಳಲ್ಲೂ ಈ ಕುಟುಂಬದ ಪಂಪು ಇದೆ, 2008ರ ಹೊತ್ತಿಗೆ ಗೊತ್ತಾಯ್ತು. ಹಾಗಾಗಿ ಇದು ಕಡಲಿನ ಜೀವಿಗಳ ಸ್ವತ್ತು ಮಾತ್ರ ಅಲ್ಲ ಅಣ್ಣ.

ಇನ್ನೊಂದು ಹೇಳೋದು ಮರೆತಿದ್ದೆ. ಸಮುದ್ರದ ಮೇಲ್ಮೈಯಲ್ಲಿರೋ ಪಂಪುಗಳು ಹಸಿರು ಬೆಳಕು ಹೀರ್ತವೆ, ಸುಮಾರು 525 ನ್ಯಾನೋಮೀಟರ್. ಆಳದವು ನೀಲಿ, ಸುಮಾರು 490. ಕೆಳಗೆ ಇಳಿಯೋದು ನೀಲಿ ಬೆಳಕೇ ಅಲ್ವಾ. ಈ ಬದಲಾವಣೆಗೆ ಮುಖ್ಯ ಕಾರಣ ಪ್ರೋಟೀನಿನ 105ನೇ ಜಾಗದ ಒಂದೇ ಒಂದು ಅಮೈನೋ ಆಮ್ಲ. ಲ್ಯೂಸೀನ್ ಇದ್ರೆ ಹಸಿರು, ಗ್ಲುಟಮಿನ್ ಇದ್ರೆ ನೀಲಿ.

ಕಣ್ಣಿನ ವಾರ್ಡು

ಇದರ ದೂರದ ನೆಂಟ ಒಂದು ಕಣ್ಣಿಗೂ ಉಪಕಾರ ಮಾಡಿದೆ. ಪಾಚಿಯ ರೊಡಾಪ್ಸಿನ್ ಜೀನನ್ನ, ಇರುಳುಗಣ್ಣಿನಿಂದ ಶುರುವಾಗಿ ಕುರುಡಾಗಿದ್ದ ಒಬ್ಬರ ಅಕ್ಷಿಪಟಲಕ್ಕೆ ಕೊಟ್ಟು, ವಿಶೇಷ ಕನ್ನಡಕ ಹಾಕಿಸಿದಾಗ ಅವರು ಮೇಜಿನ ಮೇಲಿನ ವಸ್ತು ಗುರುತಿಸಿದ್ರು ಅಂತ 2021ರಲ್ಲಿ ಪ್ರಕಟ ಆಯ್ತು. ಅಲ್ಲೂ ಅದು ಊಟ ಕೊಡಲಿಲ್ಲ, ನೋಟ ಕೊಟ್ಟಿತು.

ಕೋಟೆಬಾಗಿಲು

ಎಲ್ಲರಿಗೂ ಕೈ ಮುಗೀತೀನಿ. ಕಿಟಕಿ ಸರಳು ನೋಡಿಸಿದ್ವಿ, ಎಡಗಣ್ಣಿಗೆ ಸ್ವಲ್ಪ ಅಲುಗಿದಂಗೆ ಕಾಣುತ್ತಂತೆ. ನಾಳೆ ಕಣ್ಣಿನ ಡಾಕ್ಟರ ಹತ್ತಿರ ಹೋಗ್ತಿದ್ದೀವಿ. ಹೊಳಲ್ಕೆರೆ ಮೇಷ್ಟ್ರ ಲೆಕ್ಕವನ್ನ ದೊಡ್ಡಪ್ಪ ಪೆನ್ನು ಹಿಡಿದು ಮತ್ತೆ ಮಾಡಿದ್ರು. 43 ಅಂತಲೇ ಬಂತು. ಏನೂ ಮಾತಾಡಲಿಲ್ಲ, ರಾತ್ರಿ ಎರಡು ರೊಟ್ಟಿ ತಿಂದ್ರು. ಸೋತೆ ಅಂತ ಮಾತ್ರ ಒಪ್ಪಲ್ಲ, ಒಂದು ಪ್ರಶ್ನೆ ಕೇಳು ಅಂದಿದ್ದಾರೆ: ಹಾಗಾದ್ರೆ ಆ ಬ್ಯಾಕ್ಟೀರಿಯಾ ರಾತ್ರಿ ಹೊತ್ತು ಏನು ಮಾಡುತ್ತೆ? ಇನ್ನೊಂದು, ಇದನ್ನ ಮನೆಯಲ್ಲಿ ಕಣ್ಣಾರೆ ನೋಡೋಕೆ ಆಗುತ್ತಾ? ನನ್ನ ತಂಗಿ ಬಿ.ಎಸ್ಸಿ. ಓದ್ತಿದ್ದಾಳೆ, ಕಾಲೇಜಲ್ಲಿ ಪ್ರಾಜೆಕ್ಟ್ ಮಾಡಬೇಕಂತೆ.

ತೊಳಹುಣಸೆ ಹಾದಿ

ದೊಡ್ಡಪ್ಪನವರಿಗೆ ನಮಸ್ಕಾರ ಹೇಳಿ. ರಾತ್ರಿ ಅದು ನಮ್ಮ ಹಾಗೇ ಉಸಿರಾಡುತ್ತೆ, ನೀರಲ್ಲಿ ಕರಗಿದ್ದನ್ನ ಸುಟ್ಟು ಅದೇ ಪೊರೆಯಲ್ಲಿ ಪ್ರೋಟಾನ್ ತಳ್ಳುತ್ತೆ. ಹಗಲಲ್ಲೂ ಉಸಿರಾಟ ನಿಲ್ಲಲ್ಲ, ಬೆಳಕು ಒಂದಿಷ್ಟು ಹೊರೆ ಇಳಿಸುತ್ತೆ ಅಷ್ಟೇ. 2007ರಲ್ಲಿ ಬರ್ಕ್ಲಿಯಲ್ಲಿ ಇ. ಕೋಲೈಗೆ ಈ ಪಂಪು ಕೊಟ್ಟು, ಉಸಿರಾಟಕ್ಕೆ ವಿಷ ಹಾಕಿ ತಡೆದು, ಹಸಿರು ಬೆಳಕು ಬಿಟ್ಟಾಗ ಅದರ ಬಾಲ ಮತ್ತೆ ತಿರುಗಿತು. ಉಸಿರಾಟವೂ ಬೆಳಕೂ ಒಂದೇ ಪ್ರೋಟಾನ್ ಖಾತೆಗೆ ಜಮಾ ಮಾಡ್ತವೆ ಅನ್ನೋದಕ್ಕೆ ಅದೇ ಸಾಕ್ಷಿ.

ತಂಗಿಗೆ: ಪೆಲಾಜಿಬ್ಯಾಕ್ಟರ್ ಕಾಲೇಜಲ್ಲಿ ಬೆಳೆಸೋಕೆ ಆಗಲ್ಲ, ತುಂಬಾ ಹಟಮಾರಿ. ಉಪ್ಪುಜೀವಿಗಳನ್ನ ಪ್ರಯತ್ನಿಸಲಿ. ಶುದ್ಧ ಮಾಡಿದ ಪುಡಿ ಉಪ್ಪು ಬೇಡ, ಸಂತೆಯಲ್ಲಿ ಸಿಗೋ ಮಾಸಲು ಹರಳುಪ್ಪು ತರಲಿ. ನೂರು ಮಿಲಿಲೀಟರ್ ಮಾಧ್ಯಮಕ್ಕೆ 25 ಗ್ರಾಂ ಉಪ್ಪು, ಸ್ವಲ್ಪ ಮೆಗ್ನೀಸಿಯಂ ಸಲ್ಫೇಟ್, ಸ್ವಲ್ಪ ಪೆಪ್ಟೋನ್ ಮತ್ತು ಯೀಸ್ಟ್ ಸಾರ. ಅದನ್ನ ಮೊದಲು ಕುದಿಸಿ ಆರಿಸಿ, ಆಮೇಲೆ ಕುದಿಸದ ಒಂದು ಚಿಟಿಕೆ ಹರಳು ಹಾಕಬೇಕು, ಜೀವಿ ಇರೋದು ಅದರೊಳಗೇ. 37 ಡಿಗ್ರಿ ಸುತ್ತಮುತ್ತ, ಬೆಳಕಿರೋ ಕಡೆ ಇಡಲಿ. ಕೆಲವು ವಾರ ಬೇಕು, ಅವಸರ ಮಾಡಬಾರದು. ಗುಲಾಬಿ, ಕೆಂಪು ಬಂದ್ರೆ ಜೀವಿ ಬಂತು ಅಂತ. ಆದ್ರೆ ಆ ಕೆಂಪು ಹೆಚ್ಚಾಗಿ ಕ್ಯಾರೋಟಿನಾಯ್ಡ್ (ಕ್ಯಾರೆಟ್ಟಿನಲ್ಲಿರೋ ಥರದ) ಬಣ್ಣ, ಪಂಪಿನದಲ್ಲ, ವರದಿಯಲ್ಲಿ ಹಾಗೆ ಬರೀಬಾರದು. ಪಂಪಿನ ಬಣ್ಣ ನೇರಳೆ, ಆಮ್ಲಜನಕ ಕಡಿಮೆಯಾಗಿ ಬೆಳಕು ಚೆನ್ನಾಗಿದ್ದಾಗ ಅದು ಹೆಚ್ಚಾಗುತ್ತೆ. ಎರಡು ಬಾಟಲಿ ಇಡೋದು ಒಳ್ಳೇದು, ಒಂದಕ್ಕೆ ಕಪ್ಪು ಕಾಗದ ಸುತ್ತಲಿ. ಉಪ್ಪುನೀರು ಉಕ್ಕಿ ಇನ್‌ಕ್ಯುಬೇಟರಿಗೆ ತುಕ್ಕು ಹಿಡಿಸಿದ್ರೆ ಲ್ಯಾಬ್ ಅಟೆಂಡರ್ ಬೈತಾರೆ, ಕೆಳಗೆ ಒಂದು ತಟ್ಟೆ ಇಡೋಕೆ ಹೇಳಿ.